ಸ್ಕೂಟರ್ ತೆಗೆಯುವ ಆತುರದಲ್ಲಿ ಒಂದು ಪ್ರೇಮಕಥೆ

ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ಸಾಕು, ಒಂದು ಹಳೆಯ ಪ್ರೇಮಕಥೆಯ ಹೆಸರು ಹೇಳಿ ಎದೆಯುಬ್ಬಿಸುತ್ತೇನೆ. ಅದರ ಕೊನೆಯನ್ನು ಮೊನ್ನೆ ಮೊನ್ನೆಯವರೆಗೂ ನೋಡಿರಲಿಲ್ಲ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ತಪ್ಪು ನನ್ನದಲ್ಲ, ಸ್ಕೂಟರ್ ಸ್ಟ್ಯಾಂಡಿನದು. ಮದುವೆಯಾದ ಹೊಸದರಲ್ಲಿ ವಿಮಲಾಳನ್ನು ಹಲಸೂರಿನ ಟಾಕೀಸಿಗೆ ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಆಗೆಲ್ಲ ಸಿನಿಮಾವನ್ನು ಪೂರ್ತಿ ನೋಡುತ್ತಿದ್ದವರು ಬಸ್ಸಿನವರು ಮಾತ್ರ. ಸ್ಕೂಟರಿನವರು ಕೊಂಚ ಮೊದಲೇ ಎದ್ದುಬಿಡಬೇಕು. ಇಲ್ಲದಿದ್ದರೆ ಒಂದಕ್ಕೊಂದು ತಗುಲಿಕೊಂಡ ಹ್ಯಾಂಡಲ್‌ಗಳ ನಡುವಿನಿಂದ ಗಾಡಿ ಬಿಡಿಸುವಷ್ಟರಲ್ಲಿ ಮುಂದಿನ ಆಟ ಶುರುವಾಗುತ್ತಿತ್ತು. ನಾಯಕ ರೈಲ್ವೆ ಸ್ಟೇಷನ್ನಿಗೆ ಓಡಿ ಬಂದ, ನಾಯಕಿ ಕಿಟಕಿಯಿಂದ ನೋಡಿದಳು, ನಾವು ಎದ್ದೆವು. ಇನ್ನೇನು, ಸೇರಿದ ಹಾಗೇ! ಲಿಂಗರಾಜಪುರದ ಮನೆ ಮುಟ್ಟುವುದರೊಳಗೆ ನಾನೇ ಅವರ ಮದುವೆಯನ್ನೂ ಮಾಡಿಸಿದೆ. ಹಿಂದೆ ಕೂತಿದ್ದ ವಿಮಲಾ "ಹೂಂ ರೀ" ಅನ್ನುತ್ತಿದ್ದಳು.

ಆಮೇಲೆ ಟಿವಿಯಲ್ಲಿ ಬಂದಾಗಲೆಲ್ಲ ನೋಡಿದ್ದೇನೆ. ಮೊದಮೊದಲು ಹಾಡುಗಳು ಹಿಡಿಸಿದವು. ತಲೆ ನರೆಯುತ್ತ ಬಂದಂತೆ ಹಾಡಿನ ನಡುವೆ ನಾಯಕಿ ಸುಮ್ಮನಿರುವುದು ಹಿಡಿಸಿತು. ನಮ್ಮ ಮಗಳು ದೊಡ್ಡವಳಾದ ಮೇಲಂತೂ ನಾನು ಬೈಯುತ್ತಿದ್ದ ನಾಯಕಿಯ ಅಪ್ಪನೂ ಪಾಪ ಅನ್ನಿಸಿಬಿಟ್ಟ. ಆದರೆ ಸ್ಟೇಷನ್ ಬಂತೋ ಇಲ್ಲವೋ, ಒಳಗಿನಿಂದ ಕೂಗು: "ಬನ್ರೀ, ಮುದ್ದೆ ಆರೋಗುತ್ತೆ!" ಗೊತ್ತಿರುವ ಕೊನೆ ತಾನೇ ಎಂದು ಎದ್ದು ಹೋಗುತ್ತಿದ್ದೆ.

ಮೊನ್ನೆ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ಅನ್ವರ್ ನನ್ನ ವರ್ಣನೆ ಕೇಳಿ ಚಹಾದ ಲೋಟ ಕೆಳಗಿಟ್ಟ. "ಅರೆ ಗುರು, ಅವ್ರೆಲ್ಲಿ ಸೇರ್ತಾರೆ? ನಾನು ಅತ್ಕೊಂಡು ಹೊರಗೆ ಬಂದಿದ್ದೆ!"

ಅವನ ಬಾಯಿ ಮುಚ್ಚಿಸಲೇಬೇಕೆಂದು ಭಾನುವಾರ ಮಧ್ಯಾಹ್ನ ಇಂಟರ್ನೆಟ್ಟಿನಿಂದ ಟಿವಿಗೆ ಆ ಸಿನಿಮಾ ಹಾಕಿಕೊಂಡು ಹಟ ಹಿಡಿದು ಕೂತೆ. ಮುದ್ದೆಯ ಕೂಗು ಬಂತು, ಏಳಲಿಲ್ಲ. ರೈಲು ಹೊರಟೇಬಿಟ್ಟಿತು. ನಾಯಕ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟ. ನಮ್ಮ ಹಳೆಯ ಪಂಡಿತರು ಶೃಂಗಾರವನ್ನು ಕೂಡುವುದು, ಅಗಲುವುದು ಎಂದು ಎರಡು ಭಾಗ ಮಾಡಿದ್ದರಂತೆ. ನಾನು ಒಂದೇ ಭಾಗ ನೋಡಿ ಇಷ್ಟು ವರ್ಷ ಸಂಸಾರ ಮಾಡಿದ್ದೆ. ಎದ್ದು ಅಡುಗೆಮನೆಗೆ ಹೋಗಿ ವಿಮಲಾಳನ್ನು ಕೇಳಿದೆ.

"ನಿಂಗೆ ಗೊತ್ತಿತ್ತಾ?"

"ಮದುವೆಗೆ ಮುಂಚೆ ಅಕ್ಕನ ಜೊತೆ ನೋಡಿದ್ದೆ ಕಣ್ರೀ."

"ಹೇಳಬಾರದಿತ್ತಾ ಮಾರಾಯ್ತಿ?"

"ಹೆಂಗ್ರೀ ಹೇಳೋದು? ಅವತ್ತು ಗಾಡಿ ಮೇಲೆ ಅವ್ರ ಮದ್ವೆ ಊಟಕ್ಕೆ ಯಾವ ಸಿಹಿ ಅಂತಾನೂ ನೀವೇ ಹೇಳ್ತಿದ್ರಿ. ಅಷ್ಟು ಖುಷಿಯಾಗಿದ್ರಿ."

ಹಾಗಾದರೆ ಆ ಮುದ್ದೆ ಯಾವತ್ತೂ ಆರುತ್ತಿರಲಿಲ್ಲ! ಇವಳು ಆ ಕೊನೆಯನ್ನು ಒಬ್ಬಳೇ ಇಟ್ಟುಕೊಂಡು ನನ್ನದನ್ನು ಕಾಯ್ದುಕೊಂಡು ಬಂದಿದ್ದಳು.

ಊಟ ಮುಗಿಸಿ ಮತ್ತೆ ಮೊದಲಿನಿಂದ ಹಾಕಿದೆವು, ಈ ಸಲ ಜೊತೆಯಲ್ಲಿ ಕೂತು. ಕೊನೆ ಗೊತ್ತಿದ್ದರೆ ಸಿನಿಮಾ ಕೆಡುತ್ತದೆ ಅನ್ನುತ್ತಾರೆ, ಸುಳ್ಳು. ನಾಯಕ ನಾಯಕಿ ಸುಮ್ಮನೆ ಕಡಲೆಕಾಯಿ ಬಿಡಿಸಿ ತಿನ್ನುವ ದೃಶ್ಯಕ್ಕೂ ಕಣ್ಣು ತುಂಬಿತು. ರೈಲು ಹೋಯಿತು. ಪರದೆ ಕಪ್ಪಾಯಿತು. ನಾನು ಎದ್ದು ನಿಂತು, "ಏಳು, ಗಾಡಿ ತೆಗೀಬೇಕು" ಅಂದೆ.

ವಿಮಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಕೂರಿಸಿದಳು. "ಇರ್ರೀ, ರಶ್ ಕಮ್ಮಿ ಆಗ್ಲಿ."