ಅಕ್ಕ ಮಾನಿಟರ್ ಆರಿಸಿದ್ದು

ನನ್ನ ಅಕ್ಕ ಒಂದು ಛತ್ರಿ ಕೊಳ್ಳಬೇಕಾದರೂ ಮೂರು ಅಂಗಡಿ ಹತ್ತಿ ಇಳಿಯುವವಳು. ಮೂರರಲ್ಲೂ ಬಿಚ್ಚಿ, ಮಡಚಿ, ಕಡ್ಡಿ ಎಣಿಸಿ, ಕೊನೆಗೆ ಮೊದಲನೇ ಅಂಗಡಿಗೇ ವಾಪಸು ಹೋಗುವವಳು. ಅಂಥವಳು ಕಂಪ್ಯೂಟರಿಗೆ ಮಾನಿಟರ್ ಕೊಳ್ಳಲು ಹೊರಟಾಗ ಜೊತೆಗೆ ಹೋಗುವ ಪಾಡು ನನ್ನದಾಯಿತು. ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವವಳು. ವಿಳಾಸ ನೋಡು, ಚೀಲಕ್ಕೆ ಎಸೆ, ಮುಂದಿನದು ತಗೋ, ಅಷ್ಟೇ. ನಮ್ಮಿಬ್ಬರನ್ನೂ ಒಬ್ಬಳೇ ತಾಯಿ ಹೆತ್ತಳೆಂದರೆ ನೋಡಿದವರು ನಂಬುವುದಿಲ್ಲ.

ಸ್ಟುಡಿಯೋದವರು ಕಳಿಸುವ ಫೋಟೋಗಳನ್ನು ಮನೆಯಲ್ಲೇ ಕೂತು ತಿದ್ದುವುದು ಅಕ್ಕನ ಕೆಲಸ. ಮುಖದ ಬಣ್ಣ ಸರಿಮಾಡುವುದರಲ್ಲಂತೂ ಅವಳದು ಎತ್ತಿದ ಕೈ. ಜ್ವರ ಬಂದವರಂತೆ ಕಾಣುವ ಮದುಮಗನನ್ನೂ ಅವಳು ಲಕ್ಷಣವಾಗಿ ಮಾಡಿ ಕೊಡುತ್ತಿದ್ದಳು. ಬಣ್ಣದಕ್ಕ ಎಂದೇ ಅವಳನ್ನು ಕರೆಯುತ್ತಿದ್ದರು. ಬಣ್ಣಕ್ಕೆ ಅಡ್ಡಿಯಾಗಬಾರದೆಂದು ಕೋಣೆಯ ನಾಲ್ಕೂ ಗೋಡೆಗೆ ಬೂದು ಬಳಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಳು. ಊಟಕ್ಕೆ ಕರೆಯಲು ಹೋಗುವ ಭಾವ ಬಾಗಿಲಲ್ಲಿ ನಿಂತು, "ಜೈಲಿನವರೇ, ತಟ್ಟೆ ಬಂದಿದೆ" ಅನ್ನುತ್ತಿದ್ದರು.

ಬಣ್ಣದ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಬಲಗಣ್ಣಿಗೆ ಪೊರೆ ಬಂತು, ಆಪರೇಷನ್ ಮಾಡಿಸಿದರು. ಒಳಗೆ ಕೀವಾಗಿ ಆ ಕಣ್ಣೇ ಹೋಯಿತು. ಆಮೇಲೆ ಅವರು ಕುಂಚ ಮುಟ್ಟಲಿಲ್ಲ. ಬಾಗಿಲ ಪಕ್ಕ ಒಂದು ಸ್ಟೂಲಿನ ಮೇಲೆ ಕೂತು, ಹೋಗಿ ಬರುವವರನ್ನು ಕತ್ತು ತಿರುಗಿಸಿ ನೋಡುತ್ತಾ ದಿನ ತಳ್ಳಿದರು. ನಮ್ಮ ಮನೆಯಲ್ಲಿ ಆಪರೇಷನ್ ಎಂಬ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ.

ತೊಂದರೆ ಶುರುವಾದದ್ದು ಒಂದು ಮದುವೆ ಆಲ್ಬಮ್ಮಿನಿಂದ. ಸ್ಟುಡಿಯೋ ಯಜಮಾನರು ಪ್ರಿಂಟುಗಳನ್ನು ವಾಪಸು ತಂದು ಮೇಜಿನ ಮೇಲೆ ಹರಡಿದರು.

"ಅಕ್ಕಾ, ಹುಡುಗಿ ಮುಖ ನೀಲಿಗಟ್ಟಿದೆ. ಈಗ ತಾನೇ ನೀರಿಂದ ಎತ್ತಿದ ಹಾಗಿದ್ದಾಳೆ. ಅವರ ಮನೆಯವರು ನನ್ನನ್ನ ಹರಿದು ತಿನ್ನೋದೊಂದು ಬಾಕಿ."

ಅಕ್ಕ ಪ್ರಿಂಟನ್ನು ಕೈಗೆತ್ತಿಕೊಂಡು ನೋಡಿದಳು. "ಚೆನ್ನಾಗೇ ಇದೆಯಲ್ಲ?" ಅಂದಳು. ಅವರು ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ. ನನಗೂ ಮುಖ ನೀಲಿಯಾಗಿಯೇ ಕಂಡಿತ್ತು.

ಅಷ್ಟೇ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಅಮ್ಮನ ಫೋಟೋ ಇದೆ. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ತಿದ್ದಿ, ದೊಡ್ಡದು ಮಾಡಿಸಿ ತಂದುಕೊಟ್ಟದ್ದು. ಅದರಲ್ಲೂ ಅಮ್ಮ ಹೀಗೆಯೇ ತಣ್ಣಗೆ, ನೀಲಿ ನೀಲಿಯಾಗಿದ್ದಾಳೆ. ಅಕ್ಕ ಅಷ್ಟು ಆಸೆಯಿಂದ ಮೊಳೆ ಹೊಡೆದು ತೂಗು ಹಾಕುವಾಗ ಹೇಗೆ ಹೇಳುವುದು? ಸುಮ್ಮನಿದ್ದುಬಿಟ್ಟೆ.

ಇನ್ನೆರಡು ಆಲ್ಬಮ್ ವಾಪಸು ಬಂದವು. ಭಾವನ ಆಫೀಸಿನ ಯಾರೋ ಒಬ್ಬರು, ಇದು ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಕಾಯಿಲೆ ಎಂದರಂತೆ. ಅಕ್ಕ ಹದಿನೈದು ದಿನ ಅಳೆದೂ ಸುರಿದೂ ಒಂದು ಕಾರ್ಡ್ ತರಿಸಿದಳು. ಎರಡು ಫ್ಯಾನಿನ ಭಾರಿ ಕಾರ್ಡು. ಅದನ್ನು ಕೂರಿಸಿದ ಮೇಲೆ ಕಂಪ್ಯೂಟರ್ ಡಬ್ಬಿಯ ಬಾಗಿಲು ಮುಚ್ಚಲಿಲ್ಲ, ತೆರೆದೇ ಇಟ್ಟಳು. ಫ್ಯಾನ್ ಗುಂಯ್‌ಗುಡುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ನಾಲ್ಕನೇ ಆಲ್ಬಮ್ಮೂ ನೀಲಿಯೇ ಬಂತು.

ಸ್ಟುಡಿಯೋದವರ ಧ್ವನಿ ಈ ಸಲ ಮೆತ್ತಗಿತ್ತು. ಬೈದಿದ್ದರೆ ವಾಸಿಯಿತ್ತು. "ಸೋಮವಾರದವರೆಗೆ ನೋಡ್ತೀನಕ್ಕಾ. ಆಮೇಲೆ ಬೇರೆಯವರಿಗೆ ಕೊಡದೆ ವಿಧಿ ಇಲ್ಲ."

ಹದಿನೆಂಟು ವರ್ಷದ ಕೆಲಸ. ಕಾರ್ಡಲ್ಲದಿದ್ದರೆ ಮಾನಿಟರ್‌ದೇ ತಪ್ಪು ಎಂದುಕೊಂಡ ಅಕ್ಕನಿಗೆ ಆ ವಾರ ಊಟದ ಮುಂದೆ ಕೂತರೂ ಮಾನಿಟರ್ ವಿಷಯ, ಎದ್ದರೂ ಮಾನಿಟರ್ ವಿಷಯ. ಮಾತಿನ ಮಧ್ಯೆ ಹಣೆಗೆ ಕೈ ಇಟ್ಟುಕೊಂಡು ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚುವುದು ಹೊಸ ಅಭ್ಯಾಸವಾಗಿತ್ತು. ತಲೆನೋವಾ ಎಂದು ಕೇಳಿದರೆ, "ನಿನ್ನ ಜೊತೆ ಇದ್ದರೆ ಇನ್ನೇನು ಬರುತ್ತೆ" ಎಂದು ರೇಗುತ್ತಿದ್ದಳು. ನಾನು ಮತ್ತೆ ಕೇಳುತ್ತಿರಲಿಲ್ಲ.

ಶನಿವಾರ ಮೂರನೇ ಅಂಗಡಿಗೆ ಹೋಗುವ ಹೊತ್ತಿಗೆ ನನ್ನ ಕಾಲು ಬಿದ್ದುಹೋಗಿತ್ತು. ಅಲ್ಲಿ ಕಂಪ್ಯೂಟರ್ ಜೋಡಿಸುವವಳು ಒಬ್ಬ ಗಟ್ಟಿಗಿತ್ತಿ. ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಅಕ್ಕನ ಪುರಾಣವನ್ನೆಲ್ಲ ಕೇಳಿ, "ಫೋಟೋ ತಿದ್ದೋಕೆ ಅಷ್ಟು ದೊಡ್ಡ ಕಾರ್ಡ್ ಬೇಕೇ ಇರ್ಲಿಲ್ಲ. ಅದು ಆಟ ಆಡೋರಿಗೆ. ನಿಮಗೆ ಬೇಕಿರೋದು ಬಣ್ಣ ಸುಳ್ಳು ಹೇಳದ ಮಾನಿಟರ್" ಅಂದಳು. ಒಂದು ಮಾನಿಟರ್ ತಂದಿಟ್ಟು, ಅದರ ಪರದೆಗೆ ಡಬ್ಬಿ ಮುಚ್ಚಳದಷ್ಟಿನ ಒಂದು ಸಾಧನ ಒತ್ತಿ ಹಿಡಿದಳು. ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಬಂದು ಹೋದವು. "ಇದು ಅಳತೆ ಮಾಡಿ ಬಣ್ಣ ಕೂರಿಸುತ್ತೆ. ಈಗ ನಿಮ್ಮ ಫೋಟೋ ಹಾಕಿ. ಪ್ರಿಂಟೂ ತಂದಿದ್ದೀರಲ್ಲ, ಪಕ್ಕಕ್ಕೆ ಹಿಡೀರಿ."

ಅಕ್ಕ ಪೆನ್‌ಡ್ರೈವ್ ಕೊಟ್ಟಳು. ಮದುಮಗಳು ಪರದೆ ಮೇಲೆ ಬಂದಳು. ಬಿಳಿ ದೀಪದ ಕೆಳಗೆ ಪ್ರಿಂಟು ಹಿಡಿದ ಅಕ್ಕನ ಮುಖ ವಾರದಲ್ಲಿ ಮೊದಲ ಸಲ ಅರಳಿತು.

"ನೋಡೇ! ಇದರಲ್ಲಿ ಎಷ್ಟು ಚೆನ್ನಾಗಿದೆ! ಪ್ರಿಂಟಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇದನ್ನೇ ಕಟ್ಟಿಕೊಡಿ."

ಜೋಡಿಸುವವಳು ಕಟ್ಟಲಿಲ್ಲ. ನನ್ನ ಮುಖ ನೋಡಿದಳು. ಪರದೆ ಮೇಲೆ ಹುಡುಗಿ ನೀಲಿ, ಕಾಗದದ ಮೇಲೂ ಅಷ್ಟೇ ನೀಲಿ. ಯಾವ ವಿಷಯವನ್ನು ಮೂಲೆಗೆ ತಳ್ಳಿ ಇಟ್ಟಿದ್ದೆನೋ ಅದು ಎದುರಿಗೇ ಬಂದು ನಿಂತಿತ್ತು.

"ಅಕ್ಕಾ, ಮುಖ ನೀಲಿ ಇದೆ."

"ಇನ್ನೂ ಸ್ವಲ್ಪ ಸೆಟ್ಟಿಂಗ್ ಮಾಡ್ಬೇಕೇನೋ..."

"ಮಾನಿಟರ್ ಬಿಡು. ಕೈಯಲ್ಲಿರೋದನ್ನ ನೋಡು. ಕಾಗದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರಲ್ಲ ಅಕ್ಕಾ. ಕಾಗದವೂ ನಿನಗೆ ಸರಿಯಾಗಿ ಕಾಣ್ತಿದೆ ಅಂದ್ರೆ..."

ಅಕ್ಕ ಬಲಗೈಯಿಂದ ಬಲಗಣ್ಣು ಮುಚ್ಚಿದಳು, ತೆಗೆದಳು. ಎಡಗಣ್ಣು ಮುಚ್ಚಿದಳು, ತೆಗೆದಳು. ಕುರ್ಚಿ ಎಳೆದುಕೊಂಡು ಕೂತಳು.

"ಗೊತ್ತಿತ್ತು ಕಣೆ" ಅಂದಳು. "ಬಿಳಿ ಗೋಡೆ ಒಂದು ಕಣ್ಣಲ್ಲಿ ಒಂಥರಾ, ಇನ್ನೊಂದರಲ್ಲಿ ಹಳೇ ಕಾಗದದ ಥರ ಕಾಣುತ್ತೆ. ನೋಡಿದ್ದೆಲ್ಲ ಹಳದಿ ಅನ್ಸುತ್ತೆ, ನೀಲಿ ಸುರೀತೀನಿ. ಮಾನಿಟರ್‌ದೇ ತಪ್ಪು ಅಂತ ಯಾರಾದ್ರೂ ಒಬ್ಬರು ಹೇಳ್ಲಿ ಅಂತ ಅಂಗಡಿ ಅಂಗಡಿ ಸುತ್ತುತ್ತಿದ್ದೆ."

ಜೋಡಿಸುವವಳು ಪೆನ್‌ಡ್ರೈವ್ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಈ ಮಾನಿಟರ್ ಎಲ್ಲೂ ಓಡಿ ಹೋಗಲ್ಲ ಅಮ್ಮಾ. ಮೊದಲು ಕಣ್ಣು ತೋರಿಸಿ" ಅಂದಳು.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಅಂದರು, ಬಲಗಣ್ಣಿಗೆ ಮೊದಲು ಮಾಡೋಣ ಅಂದರು. ಬಲಗಣ್ಣು ಅನ್ನುತ್ತಲೇ ಅಕ್ಕ ನನ್ನ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ಅಪ್ಪನ ಕಾಲವೇ ಬೇರೆ, ಈಗಿನದೇ ಬೇರೆ ಎಂದು ಡಾಕ್ಟರು ಮೂರು ಸಲ ಹೇಳಿದರು. ಅವಳ ಕಿವಿಗೆ ಹೋಗಲಿಲ್ಲ. ಸ್ಟುಡಿಯೋದವರಿಗೆ ನಾನೇ ಫೋನ್ ಮಾಡಿದೆ. "ಮೊದಲು ಹುಷಾರಾಗ್ಲಿ" ಅಂದರು. ಕಾಯುತ್ತೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಅಕ್ಕನಿಗೆ ಹೇಳಲೂ ಇಲ್ಲ.

ಆಪರೇಷನ್ ಇಪ್ಪತ್ತು ನಿಮಿಷದ್ದಂತೆ. ಹೊರಗಿನ ಬೆಂಚಿನ ಮೇಲೆ ನನಗೂ ಭಾವನಿಗೂ ಅದು ಇಡೀ ದಿನವಾಯಿತು. ಅಕ್ಕನ ಪಟ್ಟಿ ಬಿಚ್ಚಿದರು. ಕಾಣುತ್ತಾ ಅಂದರೆ ಹೂಂ, ನೋವಿದೆಯಾ ಅಂದರೆ ಊಹೂಂ. ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿಸಿಕೊಂಡು, ಕಪ್ಪು ಕನ್ನಡಕದೊಳಗೆ ಕೂತುಬಿಟ್ಟಳು. ಎಲ್ಲಿ ಕೀವಾಗುತ್ತದೋ ಎಂದು ಭಾವ ಗಳಿಗೆಗೊಮ್ಮೆ ಬಗ್ಗಿ ನೋಡುತ್ತಿದ್ದರು. ಬೂದು ಕೋಣೆಯ ಬಾಗಿಲನ್ನು ಅವಳು ತೆರೆಯಲೇ ಇಲ್ಲ.

ಹತ್ತನೇ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅಕ್ಕ ಒಬ್ಬಳೇ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಕಪ್ಪು ಕನ್ನಡಕ ತೆಗೆದು, ಹಾಲಿನಲ್ಲಿ ಅಮ್ಮನ ಫೋಟೋದ ಮುಂದೆ ನಿಂತಳು. ಎಡಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಇದು ಮೊದಲಿಂದ್ಲೂ ಹೀಗೇ ಇತ್ತಾ?"

"ಹೂಂ."

"ನಾನು ತಂದುಕೊಟ್ಟ ದಿನದಿಂದ?"

"ಹೂಂ, ಅಕ್ಕಾ."

"ಹತ್ತು ತಿಂಗಳು. ದಿನಾ ಅಮ್ಮನ್ನ ಹೀಗೆ ನೋಡ್ಕೊಂಡು ಕೆಲಸಕ್ಕೆ ಹೋಗಿದ್ದೀಯ. ಒಂದು ಮಾತು ಹೇಳ್ಲಿಲ್ಲ."

ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ ಎನ್ನಬಹುದಿತ್ತು. ಅದು ಅರ್ಧ ಸುಳ್ಳು.

"ನನಗೂ ಅಪ್ಪನ ಸ್ಟೂಲೇ ನೆನಪಾಗ್ತಿತ್ತು" ಅಂದೆ.

ಅಕ್ಕ ಫೋಟೋವನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡಳು.

"ಹಳೇ ಮಾನಿಟರ್‌ನಲ್ಲೇ ಮಾಡ್ತೀನಿ, ಬಾ. ಪಕ್ಕದಲ್ಲಿ ಕೂತ್ಕೊ. ಅಮ್ಮನ ಬಣ್ಣ ನಿನಗೂ ಗೊತ್ತು. ನೀಲಿ ಅನ್ನಿಸಿದ್ರೆ ಆಗಲೇ ಹೇಳ್ಬೇಕು, ಬಾಯಿ ಮುಚ್ಕೊಂಡಿರಬಾರದು."

ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ.