ಮಾರ್ತಾ ಕಲಿಸಿದ ಭಾಷೆ

ಜರ್ಮನಿಯ ಈ ಊರಿಗೆ ಬಂದ ಹೊಸದರಲ್ಲೇ ನನ್ನ ಬಾಗಿಲಿಗೆ ಪೊಲೀಸರು ಬಂದರು. ಬೆಳಗಿನ ಜಾವ ಉಪನಿಷತ್ತಿನ ಮಂತ್ರಗಳನ್ನು ಗಟ್ಟಿಯಾಗಿ ಹೇಳಿಕೊಂಡಿದ್ದೇ ತಪ್ಪಾಗಿತ್ತು. ಇಲ್ಲಿ ‘ರೂಹೆ’ ಎಂಬ ಮಾತಿದೆ. ಸದ್ದಿಲ್ಲದಿರುವುದು ಎಂದರ್ಥ, ಅದು ಕಾನೂನು ಕೂಡ. ನಮ್ಮ ಕಾನಹೊಸಹಳ್ಳಿಯಲ್ಲಿ ಆ ಹೊತ್ತಿಗೆ ಮಸೀದಿಯ ಆಜಾನು, ಗುಡಿಯ ಮೈಕು, ಹೈವೇ ಲಾರಿಗಳ ಹಾರ್ನು ಎಲ್ಲ ಸೇರಿ ಊರನ್ನು ಎಬ್ಬಿಸುತ್ತವೆ. ಯಾರೂ ದೂರು ಕೊಡುವುದಿಲ್ಲ.

ಪೊಲೀಸರಿಗೆ ಸಮಾಧಾನ ಹೇಳಿ ಕಳಿಸಿದವಳು ಮೇಲಿನ ಮನೆಯ ಮಾರ್ತಾ, ನಿವೃತ್ತ ನರ್ಸು. ಆಮೇಲೆ ನಾನು ಇಲ್ಲಿ ನಡೆಸುವ ವೇದಾಂತದ ಪಾಠಕ್ಕೂ ಬರತೊಡಗಿದಳು. ಪಾಠ ಮುಗಿದ ಕೂಡಲೇ ಉಳಿದವರು ಕೋಟು ಹಾಕಿಕೊಂಡು ಹೊರಟುಬಿಡುವರು. ಅವಳು ಕೂತು ನನ್ನ ಜರ್ಮನ್ ತಿದ್ದುವಳು. ನಮ್ಮಂತೆ ಅವರಲ್ಲೂ ನೀವು, ನೀನು ಬೇರೆ ಬೇರೆ: ‘ಜೀ’, ‘ಡೂ’.

“ನನಗೆ ಡೂ ಅನ್ನು. ನಾನೂ ನಿನಗೆ ಹಾಗೇ ಅನ್ನುತ್ತೇನೆ” ಎಂದಳು.

ಕಾವಿ ಉಟ್ಟ ಮೇಲೆ ನನ್ನನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವಳು ಕ್ಯಾನ್ಸರ್‌ನಿಂದ ಆಸ್ಪತ್ರೆ ಸೇರಿದಳು. ಪಕ್ಕದಲ್ಲಿ ಕೂತು, ಪಾಠದಲ್ಲಿ ಹೇಳುವಂತೆಯೇ, “ನೀನು ಈ ದೇಹವಲ್ಲ ಮಾರ್ತಾ” ಎಂದೆ.

“ಹಾಗಾದರೆ ನೋಯುತ್ತಿರುವುದು ಯಾರಿಗೆ?” ಗೋಡೆ ಕಡೆ ಹೊರಳಿದಳು. “ಪಾಠ ಬೇಡ. ನಿನ್ನ ಊರಿನದೇನಾದರೂ ಹೇಳು.”

ಬಸ್‌ಸ್ಟ್ಯಾಂಡಿನ ಮಂಡಕ್ಕಿ, ಮಿರ್ಚಿ, ಕೊಟ್ಟೂರಿನ ಕಡೆ ತಿರುಗುವ ಬಸ್ಸಿನ ಹಿಂದೆ ಏಳುವ ಕೆಂಧೂಳು, ಎಲ್ಲ ಹೇಳಿದೆ. ಪದ ಸಿಗದಾದಾಗ ಕನ್ನಡಕ್ಕೇ ಇಳಿದೆ. ಅವಳು ತಡೆಯಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಸನ್ಯಾಸಿ ಬಿಡಿಸಿಕೊಳ್ಳಬೇಕಿತ್ತು, ಬಿಡಿಸಿಕೊಳ್ಳಲಿಲ್ಲ.

ಮರುದಿನ ಹೋದಾಗ ಹಾಸಿಗೆ ಖಾಲಿ.

“ನೀವು ಅವರಿಗೆ ಏನಾಗಬೇಕು?” ಎಂದಳು ಅಲ್ಲಿದ್ದ ನರ್ಸು.

ದೀಕ್ಷೆಯ ದಿನ ನನ್ನ ಶ್ರಾದ್ಧವನ್ನು ನಾನೇ ಮಾಡಿಕೊಂಡು ಎಲ್ಲ ನಂಟು ಕಡಿದುಕೊಂಡವನು ನಾನು. ಮಾರ್ತಾ ಕಲಿಸಿದ ಅಷ್ಟು ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸಂಬಂಧಿಕರಲ್ಲದವರಿಗೆ ದೇಹ ತೋರಿಸುವಂತಿಲ್ಲ ಎಂದಳು ನರ್ಸು. ಮುಖ ನೋಡದೆ ಮರಳಿದೆ.

ಬೇಸಿಗೆಯಲ್ಲಿ ಕೂಡ್ಲಿಗಿಗೆ ಉಪನ್ಯಾಸಕ್ಕೆಂದು ಹೋದವನು ಹತ್ತಿರದ ನಮ್ಮೂರಿಗೂ ಹೋದೆ. ನಮ್ಮ ಮನೆಯಲ್ಲಿ ಈಗ ಅಕ್ಕನ ಸಂಸಾರ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಪಾದ ತೊಳೆದು, ಚಾಪೆ ಹಾಸಿ, ರೊಟ್ಟಿ ಬಡಿಸಿ, ತಲೆ ತುಂಬ ಸೆರಗು ಹೊದ್ದು ದೂರ ನಿಂತಳು.

“ಅಕ್ಕಾ, ಅಲ್ಲಿ ಒಬ್ಬಾಕಿ ಇದ್ಲು, ಮಾರ್ತಾ ಅಂತ...” ಎಂದು ಶುರು ಮಾಡಿದೆ.

“ನಿಮ್ಮ ಶಿಷ್ಯರೇನ್ರಿ ಸ್ವಾಮ್ಯಾರ? ಅದೆಲ್ಲ ನಮಗೇನು ತಿಳಿತೈತ್ರಿ. ಪ್ರಸಾದ ತಗೊಳ್ರಿ, ಆರ್ತೈತಿ.”

ರೊಟ್ಟಿ ಮುರಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು:

“ಇನ್ನ ನಿಮ್ಮೂರಿಗೆ ಯಾವಾಗ ಹೊಂಟೀರ್ರಿ?”

ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕೂತು, “ಮುಂದಿನ ವಾರ” ಎಂದೆ. ಯಾವ ಊರು ಎಂದು ನಾನು ಕೇಳಲಿಲ್ಲ.