ಅಕ್ಕನ ಕೈ ಸೋತದ್ದು ಯಾಕೆ

ಖಾನಾವಳಿ ಮುಚ್ಚುವ ಮಾತನ್ನು ಅಕ್ಕ ಮೊದಲು ಆಡಿದ್ದು ಒಂದು ಮಧ್ಯಾಹ್ನ, ನನ್ನ ತಾಟಿಗೆ ಎರಡನೆಯ ರೊಟ್ಟಿ ಹಾಕುವಾಗ. ಅದು ಮೂರನೆಯದು ಎಂದು ಅವಳ ವಾದ. ಈ ಬರಹದಲ್ಲಿ ಇರುವುದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಅಲ್ಲಿಂದ ತಂದದ್ದರಲ್ಲಿ ಉಳಿದಿರುವುದು ಯಾವುದನ್ನೂ ಸುಮ್ಮನೆ ನಂಬಬಾರದು ಎಂಬ ಚಟವೊಂದೇ. ಅದನ್ನು ಮೊದಲು ದೇವರ ಮೇಲೆ ಪ್ರಯೋಗಿಸಿದೆ, ಆಮೇಲೆ ವರ್ತಮಾನಪತ್ರಿಕೆಗಳ ಮೇಲೆ, ಈಗೀಗ ನನ್ನ ನೆನಪಿನ ಮೇಲೆಯೇ. ಆದರೂ ಆ ದಿನದ ಅವಳ ಮಾತು ಇನ್ನೂ ಕಿವಿಯಲ್ಲಿದೆ.

"ಪರೀಕ್ಷಾ ಮುಗಿಸಿ ಈ ಹುಡುಗ್ರು ಊರಿಗೆ ಹೋದ ಮ್ಯಾಲ ಬಾಗಲಾ ಹಾಕಿಬಿಡ್ತೇನಿ ತಮ್ಮಾ. ಕೈಯಾಗ ಏನೂ ಉಳದಿಲ್ಲ."

ಧಾರವಾಡದ ಸಪ್ತಾಪುರದಲ್ಲಿ ನಾನು ಪಾಠ ಹೇಳುವ ಕ್ಲಾಸಿನಿಂದ ಎರಡು ತಿರುವು ದಾಟಿದರೆ ಅಕ್ಕನ ಮನೆ. ಮನೆಯ ಮುಂದಿನ ಕೋಣೆಯೇ ಖಾನಾವಳಿ. ಬಾಡಿಗೆ ಕೋಣೆಗಳಲ್ಲಿ ಇದ್ದು ಪೊಲೀಸು, ಬ್ಯಾಂಕು, ತಹಶೀಲ್ದಾರು ಎಂದು ಓದುವ ಹುಡುಗರು ಅಲ್ಲಿ ಉಣ್ಣುತ್ತಾರೆ. ಅಪ್ಪನಾಗಲಿ ಗಂಡನಾಗಲಿ ಕೊಟ್ಟದ್ದಲ್ಲ ಅದು. ಮಕ್ಕಳ ಮದುವೆ ಮಾಡಿ ಮುಗಿಸಿದ ಮೇಲೆ ಅಕ್ಕ ತಾನೇ ಹುಟ್ಟಿಸಿಕೊಂಡದ್ದು. ಮಾವ, ಅಂದರೆ ಅವಳ ಗಂಡ, ಕಾಳಿನ ಅಂಗಡಿಯಲ್ಲಿ ಗುಮಾಸ್ತರು. "ನಮ್ಮ ಮನ್ಯಾಗ ಮಾಲಕರು ಯಾರು ಅನ್ನೋದು ಓಣಿಗೆಲ್ಲಾ ಗೊತ್ತೈತಿ" ಎಂದು ಅವರೇ ನಗುತ್ತಿದ್ದರು. ಆ ಬಾಗಿಲು ಹಾಕಿದರೆ ಅಕ್ಕನಲ್ಲಿ ಏನು ಉಳಿಯುತ್ತದೆ? ತಾಟು ಬಿಟ್ಟು ಎದ್ದೆ. ಕೈ ತೊಳೆಯುವಷ್ಟರಲ್ಲಿ ನಿರ್ಧರಿಸಿದ್ದೆ: ಹುಡುಗರ ಪರೀಕ್ಷೆ ಬರುವುದರೊಳಗೆ ಈ ಸುಸ್ತಿನ ಕಾರಣವನ್ನು ನಾನು ಹಿಡಿಯಬೇಕು.

ಸುಸ್ತು ಇದ್ದದ್ದು ಖರೆ. ಕೊಣಮಿಗೆ ಎಂಬ ಹರಿವಾಣದಲ್ಲಿ ಹಿಟ್ಟು ನಾದಿ, ಮಾತಾಡುತ್ತ, ಯಾರನ್ನೋ ಬಯ್ಯುತ್ತ, ತಾಟಿನಗಲ ರೊಟ್ಟಿ ಬಡಿಯುತ್ತಿದ್ದವಳು ಈಗ ಅರ್ಧಕ್ಕೆ ನಿಲ್ಲಿಸಿ ಅಡಿಗೆಕಟ್ಟೆ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದಳು. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತುವಾಗ ನಡುವಿನ ಮೆಟ್ಟಿಲಿಗೆ ಕೂತುಬಿಡುತ್ತಿದ್ದಳು. ಬೈಗುಳವೂ ಕಡಿಮೆಯಾಗಿತ್ತು. ಹುಡುಗರು ಅದನ್ನು ಪುಣ್ಯ ಎಂದುಕೊಂಡಿದ್ದರು.

ಇದಕ್ಕೆ ನಮ್ಮ ಮಂದಿಯ ಹತ್ತಿರ ಒಂದು ಸಿದ್ಧ ಔಷಧವಿದೆ, ಬಾಟಲಿ. ಮೈಯಲ್ಲಿ ಶಕ್ತಿ ಇಲ್ಲ ಎಂದರೆ ಹೋಗಿ ಒಂದು ಸಲೈನ್ ಬಾಟಲಿ ಹಚ್ಚಿಸಿಕೊಂಡು ಬರುವುದು. ಅಕ್ಕನೂ ಹಚ್ಚಿಸಿಕೊಂಡಳು. ಅರ್ಧ ದಿನ ಮಲಗಿ, ಯಾರೋ ಕೊಟ್ಟ ಚಹಾ ಕುಡಿದು, ಮುಖ ತೊಳೆದುಕೊಂಡವರ ಹಾಗೆ ಹೊಳೆಯುತ್ತ ಬಂದಳು. ಎರಡು ದಿನ ಹೋದ ಮೇಲೆ ಮತ್ತೆ ಕಟ್ಟೆ ಹಿಡಿದಳು. "ಅದು ಬರೇ ಉಪ್ಪಿನ ನೀರು ಅಕ್ಕಾ. ನಿನಗ ಹಿತಾ ಆಗಿದ್ದು ಮಲಗಿದ್ದಕ್ಕ" ಎಂದೆ. "ಹಂಗಾರ ನೀನ ನಾಕು ದಿನಾ ರೊಟ್ಟಿ ಬಡಿ, ನಾ ಮಲಗ್ತೇನಿ" ಎಂದಳು.

ನಾನು ಫೋನಿನಲ್ಲಿ ಓದತೊಡಗಿದೆ. ಓದಿದಷ್ಟೂ ಉಬ್ಬಿದೆ. ಸುಸ್ತಿಗೆ ಎಷ್ಟೊಂದು ದಾರಿಗಳು! ಕೊರಳಿನ ಥೈರಾಯ್ಡ್ ಗ್ರಂಥಿ ನಿಧಾನವಾದರೆ ಸುಸ್ತು, ಸಕ್ಕರೆ ಏರಿದರೆ ಸುಸ್ತು, ನಿದ್ದೆಯಲ್ಲಿ ಉಸಿರು ಕಟ್ಟಿದರೆ ಸುಸ್ತು, ರಕ್ತ ತೆಳುವಾದರೆ, ಹೃದಯ ಸೋತರೆ, ಮನಸ್ಸು ಕುಸಿದರೆ, ಬಿ-ಹನ್ನೆರಡು ಇಲ್ಲವಾದರೆ, ಯಾವುದೋ ಗುಳಿಗೆ ಮೈಗೆ ಒಗ್ಗದಿದ್ದರೆ. ದಿನಕ್ಕೊಂದು ರೋಗ ಹಿಡಿದುಕೊಂಡು ಸ್ಕೂಟರಿನಲ್ಲಿ ಅಕ್ಕನ ಮನೆಗೆ ಹೋಗುತ್ತಿದ್ದೆ. "ಅಕ್ಕಾ, ರಾತ್ರಿ ಗೊರಕಿ ಹೊಡಿತಿಯೇನು?" ಎಂದರೆ ಮಾವ ಒಳಗಿನಿಂದಲೇ "ಅದನ್ನ ನನ್ನ ಕೇಳು" ಎನ್ನುತ್ತಿದ್ದರು. ಅಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, "ಮಂಗಳವಾರ ಸಕ್ರಿ ಬ್ಯಾನಿ, ಬುಧವಾರ ಎದಿ ಬ್ಯಾನಿ. ಶನಿವಾರದೊಳಗ ನನ್ನ ಕುಣಿಗೆ ಇಡ್ತಿ ನೀ" ಎಂದಳು.

ಯಾವಾಗಿನಿಂದ ಹೀಗೆ ಎಂದು ಕೇಳಿದರೆ ಮೂವರದು ಮೂರು ಉತ್ತರ. ಶ್ರಾವಣದಿಂದ ಎಂದರು ಮಾವ, ಬೇಸಿಗೆಯಿಂದ ಎಂದಳು ಅಕ್ಕ. ನನ್ನ ಪ್ರಕಾರ ದೀಪಾವಳಿಯಿಂದ, ಏಕೆಂದರೆ ಆ ವರ್ಷ ಅವಳು ಕರದಂಟು ಮಾಡಲಿಲ್ಲ. ಮಾಡಿದ್ದಳಂತೆ. ಡಬ್ಬಿ ತುಂಬ ಒಯ್ದವನು ನಾನೇ ಅಂತೆ.

ಶ್ರಾವಣ ಎಂದು ಮಾವ ಹೇಳಿದ್ದಕ್ಕೆ ಅವರದೇ ಲೆಕ್ಕವಿತ್ತು. ಅಕ್ಕ ಪೂಜೆಗೆ ಹೆಚ್ಚು ಹೊತ್ತು ಕೂಡಲು ಶುರುಮಾಡಿದ್ದು ಆಗ. ದೇವರ ಜಗುಲಿಯ ಮುಂದೆ, ಕೋಣೆಯ ಬಾಗಿಲು ಮುಚ್ಚಿಕೊಂಡು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಹುಡುಗರು ಉಂಡುಹೋದ ಮೇಲೆ ಒಮ್ಮೆ, ಸಂಜೆಗೆ ಮತ್ತೊಮ್ಮೆ. "ಶಕ್ತಿ ಹೋದಂಗ ಭಕ್ತಿ ಬಂದೈತಿ ನೋಡು. ವಿಭೂತಿ ಗಟ್ಟಿ ವಾರಕ್ಕೊಂದು ಸಾಲವಲ್ದು" ಎಂದರು ಮಾವ, ಹೆಮ್ಮೆಯಿಂದಲೇ. ಸುದ್ದಿ ಹುಬ್ಬಳ್ಳಿಯಾಚೆಯ ಸುಳ್ಳ ಎಂಬ ಊರಿನಲ್ಲಿರುವ ನಮ್ಮ ಚಿಗವ್ವನವರೆಗೂ ಹೋಯಿತು. ಹೊಲದ ಕಾಗದದ ಕೆಲಸಕ್ಕೆ ನಾನು ಅಲ್ಲಿಗೆ ಹೋದಾಗ ಮಠದಿಂದ ತರಿಸಿದ ವಿಭೂತಿಯ ದೊಡ್ಡ ಪೊಟ್ಟಣವನ್ನೇ ಚಿಗವ್ವ ಕೈಗಿಟ್ಟಳು. "ಆಕಿಗೆ ಕೊಡು. ಹಣಿಮ್ಯಾಲ ಇದ್ರ ಮೈಗೂ ಶಕ್ತಿ ಬರತೈತಿ" ಎಂದಳು. ದೇವರಿಲ್ಲ ಎಂದು ವಾದಿಸುವವನು ಆ ಪೊಟ್ಟಣವನ್ನು ಸ್ಕೂಟರಿಗೆ ನೇತುಹಾಕಿಕೊಂಡು ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ತಂದೆ.

ಆ ಪೊಟ್ಟಣವನ್ನು ಜಗುಲಿಯ ಮೇಲೆ ಇಡಲು ಹೋದವನು ನಿಂತುಬಿಟ್ಟೆ. ತಟ್ಟೆಯಲ್ಲಿದ್ದ ಹಳೆಯ ಗಟ್ಟಿಯ ಒಂದು ಮೂಲೆ ಇರಲಿಲ್ಲ. ಬೆರಳು ಉಜ್ಜಿ ಸವೆದರೆ ಮೈ ನುಣುಪಾಗುತ್ತದೆ. ಇದು ಒರಟಾಗಿತ್ತು. ಇಲಿ ಇರಬೇಕು ಎಂದುಕೊಂಡೆ. ಬೆಳಕಿಗೆ ಹಿಡಿದೆ. ಇಲಿಯ ಹಲ್ಲು ಅಷ್ಟು ಅಗಲ ಇರುವುದಿಲ್ಲ.

ಹಿಂದಿನ ವಾರವಷ್ಟೇ ಓದಿದ್ದೆ: ಮೈಯಲ್ಲಿ ಕಬ್ಬಿಣದ ಅಂಶ ಇಳಿದವರಿಗೆ ತಿನ್ನಬಾರದ್ದನ್ನು ತಿನ್ನುವ ಆಸೆ ಹುಟ್ಟಬಹುದು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಐಸು. ಓದಿ ಮುಂದೆ ಹೋಗಿದ್ದೆ, ಅಕ್ಕ ಮಣ್ಣು ತಿನ್ನುವವಳಲ್ಲ ಎಂದು. ವಿಭೂತಿ ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಬರೆದವರ ಮನೆಯಲ್ಲಿ ಜಗುಲಿ ಇರಲಿಕ್ಕಿಲ್ಲ.

ಗಟ್ಟಿ ಹಿಡಿದುಕೊಂಡೇ ಅಡಿಗೆಮನೆಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು, ಶೇಂಗಾ ಸಿಪ್ಪೆ ಬಿಡಿಸುತ್ತಿದ್ದಳು. ನನ್ನ ಕೈ ನೋಡಿದಳು. ಅವಳ ಮುಖ ಹಾಗೆ ಬಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ನಿಮ್ಮ ಮಾವಾರ ಮುಂದ ಅನಬ್ಯಾಡ."

"ತಿಂತಿಯೇನು?"

"ಮೊದಲ ಒಂದೀಟು ನಾಲಿಗ್ಗೆ ಹಚ್ಕೋತಿದ್ದೆ. ಮಳಿ ಬಿದ್ದ ಮಣ್ಣಿನ ವಾಸನಿ ಬರತೈತಿ. ಈಗ ಬಿಡಾಕ ಆಗವಲ್ದು. ಹುಡುಗ್ರಿಗೆ ನೀಡುಮುಂದನೂ ಜೀವಾ ಅದರಾಗ." ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ದೇವರ ವಸ್ತು ಅದು. ಹಣಿಗೆ ಹಚ್ಕೊಳ್ಳೂದನ್ನ ಕದ್ದು ತಿಂದ್ರ ಕೈ ಸೋಲದ ಏನ್ ಮಾಡ್ತಾವು? ಅದಕ್ಕ ಬಾಗಲಾ ಹಾಕ್ತೇನಿ ಅಂದೆ. ಬ್ಯಾನಿ ಅಲ್ಲ ಇದು, ಶಿಕ್ಷಾ."

ಆಗ ನಾನು ನಕ್ಕೆನಂತೆ. ಅಳು ಬಂದಿತ್ತು ಎಂದು ನನ್ನ ನೆನಪು. ಎರಡೂ ಇರಬಹುದು. ವರ್ಷಗಟ್ಟಲೆ ಹುಡುಗರಿಗೆ ನಾನು ಹೇಳುತ್ತ ಬಂದದ್ದು ಇದನ್ನೇ: ಎರಡು ಸಂಗತಿ ಒಟ್ಟಿಗೆ ನಡೆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅವಸರ ಮಾಡಬೇಡಿ. ಇಲ್ಲಿ ನನ್ನ ಅಕ್ಕ ಬಂಡಿಯನ್ನು ಎತ್ತಿನ ಮುಂದೆ ಕಟ್ಟಿಕೊಂಡು, ಅದನ್ನು ಒಬ್ಬಳೇ ಎಳೆಯುತ್ತ ಕೂತಿದ್ದಳು.

"ತಿಂದದ್ದಕ್ಕ ಸುಸ್ತಾಗಿಲ್ಲ ಅಕ್ಕಾ. ಸುಸ್ತಿಗೆ ಯಾವ ಕಾರಣ ಐತೆಲ್ಲಾ, ಅದ ನಿನಗ ಇದನ್ನ ತಿನಸಾಕತ್ತೈತಿ. ರಕ್ತಾ ಇಲ್ಲ ನಿನ್ನ ಮೈಯಾಗ. ಅವ್ವಾನೂ ತಿಂತಿದ್ಲು, ನೆನಪೈತೇನು? ಜಗಲಿ ಮುಂದ ಕುಂತಾಗ ಆಕಿ ತುಟಿ ಬೆಳ್ಳಗ ಇರತಿತ್ತು."

"ಅದು ಜ್ವಾಳದ ಹಿಟ್ಟು. ನೀ ಆಗಿನ್ನೂ ಅಂಗಿ ಗುಂಡಿ ಹಾಕ್ಕೋತಿರಲಿಲ್ಲ, ನಿನಗೇನ್ ನೆನಪು?"

ಅವ್ವನ ವಿಷಯ ಅಲ್ಲಿಗೇ ನಿಂತಿದೆ. ಬೆಳ್ಳಗಿನ ತುಟಿ ನನಗೆ ಈಗಲೂ ಕಾಣುತ್ತದೆ. ಆದರೆ ಅದನ್ನು ನಾನು ನೋಡಿದ್ದು ಅವತ್ತೋ, ಅಥವಾ ಈ ಅಡಿಗೆಮನೆಯಲ್ಲಿ ಬೇಕಾದ ಹೊತ್ತಿಗೆ ಹುಟ್ಟಿಸಿಕೊಂಡದ್ದೋ, ಹೇಳಲಾರೆ.

ಮರುದಿನವೇ ಅಕ್ಕನನ್ನು ಹುಬ್ಬಳ್ಳಿಯ ಒಬ್ಬ ಲೇಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಅಕ್ಕನಿಗೆ ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದರು. ತಮ್ಮ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿಯಿರಿ ಎಂದರು. ಅಕ್ಕ ಹಿಡಿದಾಗ "ಹಗೂರ್ರಿ" ಎಂದು ಕೈ ಬಿಡಿಸಿಕೊಂಡರು.

"ಕೈ ಎತ್ತಾಕನ ಬರಂಗಿಲ್ಲೋ, ಎತ್ತಿದ ಕೈ ಭಾಳ ಹೊತ್ತು ನಡಿಯಂಗಿಲ್ಲೋ ಅಕ್ಕಾರ?"

"ಎತ್ತತೇನ್ರಿ. ನಾಕು ರೊಟ್ಟಿಗೆ ಮುಗೀತು ನೋಡ್ರಿ."

ಅವರು ವಿವರಿಸಿದರು. ಎತ್ತಲಿಕ್ಕೇ ಬರದಿದ್ದರೆ ದೋಷ ನರದ್ದೋ ಸ್ನಾಯುವಿನದ್ದೋ ಇರಬಹುದು, ಅದನ್ನು ಹುಡುಕುವ ದಾರಿ ಬೇರೆ. ಕೈ ಏಳುತ್ತದೆ, ಆದರೆ ಕೆಲಸ ಮುಂದೆ ಸಾಗುವುದಿಲ್ಲ ಎಂದರೆ ಅದು ದಣಿವು. ಮೈಗೆ ಬೇಕಾದದ್ದು ಎಲ್ಲಿಯೋ ಮುಟ್ಟುತ್ತಿಲ್ಲ. ನಾವು ಎರಡಕ್ಕೂ 'ಶಕ್ತಿ ಇಲ್ಲ' ಎಂದು ಹೇಳಿ ಬಾಟಲಿ ಕೇಳುತ್ತೇವೆ. ಅವರು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದರು, ಒಳಗೆ ಬಿಳಿ. ಉಗುರುಗಳು ನಡುವೆ ತಗ್ಗಾಗಿ ಚಮಚದ ಹಾಗೆ ಇದ್ದವು. ಇಷ್ಟು ದಿನ ಅದೇ ಕೈಯಿಂದ ಉಂಡಿದ್ದೇನೆ, ಉಗುರು ನೋಡಿರಲಿಲ್ಲ. ನಾನು ವಿಭೂತಿಯ ನನ್ನ ಸಿದ್ಧಾಂತವನ್ನು ಶುರುಮಾಡಿದೆ, ಕಬ್ಬಿಣದಿಂದ ಹಿಡಿದು ಮಳೆಯ ಮಣ್ಣಿನವರೆಗೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬರೊಬ್ಬರಿ ಐತ್ರಿ ಸರ್. ಆದ್ರ ಅರ್ಧಾ ಹೇಳಿದ್ರಿ. ರಕ್ತಾ ಎಲ್ಲಿ ಹೋತು? ನೀವೀಗ ಸ್ವಲ್ಪ ಹೊರಗ ಕೂಡ್ರಿ."

ಹೊರಗೆ ಕೂತೆ. ಕಾಲು ಕುಣಿಯುತ್ತಲೇ ಇತ್ತು.

ಆ ಅರ್ಧವನ್ನು ಅಕ್ಕ ನನಗೆ ಹೇಳಿದ್ದು ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆಗೆ ಮುಖ ಮಾಡಿ. ಎರಡು ವರ್ಷದಿಂದ ತಿಂಗಳ ಸ್ರಾವ ಹದ ತಪ್ಪಿ, ಹೋಗಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೋಗುತ್ತಿತ್ತು. ಈ ವಯಸ್ಸಿಗೆ ಹಾಗೆಯೇ ಎಂದು ಯಾರಿಗೂ ಹೇಳಿರಲಿಲ್ಲ. "ಗಂಡಸ್ರಿಗೆ ಹೇಳೂ ಮಾತಲ್ಲ. ಆದ್ರ ನೀ ಅದನ್ನೂ ಫೋನಿನ್ಯಾಗ ಓದಿರತಿ ಬಿಡು" ಎಂದಳು. ಓದಿದ್ದೆ. ಕೇಳುವ ಧೈರ್ಯ ಆಗಿರಲಿಲ್ಲ.

ರಕ್ತದ, ಸ್ಕ್ಯಾನಿನ ವರದಿಗಳು ಬಂದವು. ಹಿಮೋಗ್ಲೋಬಿನ್ ಇರಬೇಕಾದದ್ದರ ಅರ್ಧಕ್ಕೆ ಇಳಿದಿತ್ತು, ಕಬ್ಬಿಣದ ದಾಸ್ತಾನು ಬರಿದಾಗಿತ್ತು. ಥೈರಾಯ್ಡ್, ಸಕ್ಕರೆ ಸರಿ ಇದ್ದವು. ಗರ್ಭಕೋಶದಲ್ಲಿ ಒಂದು ಗಡ್ಡೆ ಇತ್ತು. ಭಯಪಡುವ ಜಾತಿಯದಲ್ಲ, ಸದ್ಯಕ್ಕೆ ಗುಳಿಗೆಯಿಂದ ಸ್ರಾವ ಹಿಡಿಯೋಣ, ಮುಂದೆ ನೋಡೋಣ ಎಂದರು. ಬಾಟಲಿ ಹಚ್ಚಿದ ಕಡೆ ಕೊಟ್ಟಿದ್ದ ಕಬ್ಬಿಣದ ಗುಳಿಗೆಗಳನ್ನು ಅಕ್ಕ ತಪ್ಪದೆ ನುಂಗಿದ್ದಳು, ಆದರೆ ಚಹಾದ ಜೊತೆಗೆ, ಮೇಲೊಂದಿಷ್ಟು ವಿಭೂತಿ. ಚಹಾ ಮತ್ತು ಆ ಬಿಳಿ ಪುಡಿ ಎರಡೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಅಂದರೆ ಸುಸ್ತು ವಿಭೂತಿ ತಿನ್ನಿಸುತ್ತಿತ್ತು, ವಿಭೂತಿ ಸುಸ್ತನ್ನು ಕಾಯುತ್ತಿತ್ತು. ಬಂಡಿ ಎತ್ತುಗಳ ನನ್ನ ಹೋಲಿಕೆಯೂ ಪೂರ್ತಿ ಸರಿಯಿರಲಿಲ್ಲ. ನನಗೆ ಅದು ಇನ್ನಷ್ಟು ಖುಷಿ ಕೊಟ್ಟಿತು.

ಕಬ್ಬಿಣವನ್ನು ನೇರ ರಕ್ತನಾಳಕ್ಕೇ ಕೊಡಬೇಕೆಂದು ಅವರು ನಿರ್ಧರಿಸಿದರು. ಕಂಬಕ್ಕೆ ತೂಗುಹಾಕಿದ ಕಂದು ನೀರನ್ನು ಅಕ್ಕ ನೋಡಿದಳು.

"ಇದೂ ಬಾಟಲೀನ ಅಲ್ಲೇನ್ರಿ?"

"ಬಾಟಲಿ ಅದನ್ರಿ ಅಕ್ಕಾರ. ಒಳಗಿಂದು ಬ್ಯಾರೆ."

"ಕೇಳಿದೇನು?" ಎಂದು ಅಕ್ಕ ನನ್ನ ಕಡೆ ತಿರುಗಿದಳು, ಗೆದ್ದವಳ ಹಾಗೆ.

ಶಕ್ತಿ ಬರಲು ವಾರಗಳು ಬೇಕು ಎಂದಿದ್ದರು. ಆದರೆ ಮೊದಲು ಹೋದದ್ದು ಆ ಆಸೆ. ಕೆಲವೇ ದಿನಗಳಲ್ಲಿ ಫೋನು ಬಂತು. "ತಮ್ಮಾ, ಈಗ ಪೂಜಾ ಮಾಡಿ ಎದ್ದೆ. ಹಚ್ಕೊಂಡೆ ಅಷ್ಟ. ತಿನಬೇಕು ಅನ್ನೂದು ನೆನಪಿಗೂ ಬರಲಿಲ್ಲ. ಹೊರಗ ಬಂದ ಮ್ಯಾಲ ನೆನಪಾತು, ಅದಕ್ಕ ಫೋನ್ ಮಾಡಿದೆ." ನಾನು ಕ್ಲಾಸಿನ ನಡುವೆ ಇದ್ದೆ. ಹಲಗೆಯ ಮೇಲೆ ಅರ್ಧ ಬರೆದ ಲೆಕ್ಕ ಬಿಟ್ಟು ಹುಡುಗರಿಗೆ ರಜೆ ಕೊಟ್ಟುಬಿಟ್ಟೆ.

ಆದರೂ ಬಾಗಿಲ ಮಾತು ಹಾಗೇ ಇತ್ತು. ಶಿಕ್ಷೆ ಅಲ್ಲ ಎಂದು ಅವಳು ಒಪ್ಪಿದ್ದಳು, ಕೈ ಇನ್ನೂ ಒಪ್ಪಿರಲಿಲ್ಲ. ಹುಡುಗರ ಪರೀಕ್ಷೆ ಹತ್ತಿರ ಬಂತು. ಸಪ್ತಾಪುರದಲ್ಲಿ ಎಂದಿನಂತೆ ಆಗುವುದೇ ಆಯಿತು, ಪರೀಕ್ಷೆ ಮುಂದಕ್ಕೆ ಹೋಯಿತು. ಓಣಿಯಲ್ಲೆಲ್ಲ ಶಾಪ, ಚಹಾದಂಗಡಿಯಲ್ಲಿ ಸರ್ಕಾರಕ್ಕೆ ಬೈಗುಳ. ಒಳಗೊಳಗೆ ಕುಣಿಯುತ್ತಿದ್ದವನು ನಾನೊಬ್ಬನೇ. ಕಬ್ಬಿಣಕ್ಕೆ ವಾಯಿದೆ ಸಿಕ್ಕಿತ್ತು.

ಕೊನೆಗೆ ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದರು. ಮರುದಿನ ಮಧ್ಯಾಹ್ನ ಹೋದಾಗ ಅಕ್ಕ ಕಟ್ಟೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು ಮಾವನಿಗೆ ಜೋಳ ತರಲು ಹೇಳುತ್ತಿದ್ದಳು. ಹಳೆಯದು ಬೇಡ, ಹೊಸ ಬಿಳಿಜೋಳವೇ ಬೇಕು.

"ಹುಡುಗ್ರ ಇಲ್ಲ, ಜ್ವಾಳಾ ಯಾರಿಗೆ?" ಎಂದರು ಮಾವ.

"ಮುಂದಿನ ವಾರ ಹೊಸಬ್ರು ಬರತಾರ. ಮುಂಜಾನಿ ಬಂದು ಕೇಳಿ ಹೋಗ್ಯಾರ, ಹೂಂ ಅಂದೀನಿ." ನನ್ನನ್ನು ನೋಡಿಯೂ ಮಾತು ನಿಲ್ಲಿಸಲಿಲ್ಲ. "ಸಂಜಿಮುಂದ ರೊಟ್ಟಿ ಇಲ್ಲ, ಅನ್ನ ಸಾರು ಅಷ್ಟ. ರವಿವಾರ ಸೂಟಿ. ರೊಟ್ಟಿ ಬಡ್ಯಾಕ ಇನ್ನೊಬ್ಬಾಕಿನ್ನ ಇಟಗೋತೇನಿ. ನಾ ಸಾಕು ಅಂದಾಗ ಆಕಿ ಬಡೀಬೇಕು."

"ಹಿಂಗಂದ್ರ ಮಂದಿ ಬ್ಯಾರೆ ಖಾನಾವಳಿಗೆ ಹೊಕ್ಕಾರ."

"ಹೋಗ್ಲಿ. ನಾ ಕೂತ ಬಡಿಯೂ ರೊಟ್ಟಿ ಬೇಕಾದವ್ರು ಬರತಾರ."

ಮಾವ ಚೀಲ ಹಿಡಿದು ಹೊರಟರು. ಅಕ್ಕ ಸ್ಟೂಲಿನಿಂದ ಇಳಿಯದೆ ಹಿಟ್ಟಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.